ಮೀನಿನ ಪಲ್ಯ

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದೇ ಮೊಳೆಗೆ ಎರಡು ಜಾಲರಿ ತೂಗುತ್ತವೆ. ಒಂದು ಚಹಾ ಸೋಸುವುದು. ಇನ್ನೊಂದು ಹಸಿರು ಬಣ್ಣದ್ದು, ಉದ್ದ ಹಿಡಿ ಇರುವುದು, ಗಾಜಿನ ತೊಟ್ಟಿಯಿಂದ ಮೀನು ಎತ್ತುವುದು. ಎರಡಕ್ಕೂ ಒಂದೇ ಮೊಳೆ ಯಾಕೆ ಅಂತ ಕೇಳಬೇಡಿ. ಇನ್ನೊಂದು ಹೊಡೆಯುತ್ತೇನೆ ಎಂದು ನಮ್ಮ ಯಜಮಾನರು ಗೃಹಪ್ರವೇಶದ ದಿನದಿಂದ ಹೇಳುತ್ತಿದ್ದಾರೆ, ಮುಹೂರ್ತ ಕೂಡಿಬಂದಿಲ್ಲ. ಮೊನ್ನೆ ಹೊಳೆಹೊನ್ನೂರಿನಿಂದ ಬಂದಿದ್ದ ನನ್ನ ನಾದಿನಿ, ನಾನು ಶಾಲೆಯಿಂದ ಬರುವಷ್ಟರಲ್ಲಿ ಎಲ್ಲರಿಗೂ ಚಹಾ ಮಾಡಿ ಕೊಟ್ಟಿದ್ದಳು. ನಾನು ಒಂದು ಗುಟುಕು ಬಾಯಿಗೆ ಹಾಕಿದ್ದೆ, ಅಷ್ಟೇ. "ಅತ್ತಿಗೆ, ನಿಮ್ಮನೆ ಟೀ ಜಾಲರಿ ಭಾಳ ಚೆನ್ನಾಗಿದೆ. ಒಂದು ಚೂರು ಪುಡಿ ಇಳೀಲಿಲ್ಲ. ಆದ್ರೆ ಅದಕ್ಕೆ ಇಷ್ಟುದ್ದ ಹಿಡಿ ಯಾಕೆ?" ಅಂದಳು.

ಆ ಗುಟುಕು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಅತ್ತೆ ಲೋಟ ಪೂರ್ತಿ ಖಾಲಿ ಮಾಡಿ, ಕೆಳಗಿಟ್ಟು, ನನ್ನ ಮುಖವನ್ನೊಮ್ಮೆ ನೋಡಿ, "ರುಚಿಯಾಗಿದೆ" ಎಂದರು. ಗೊತ್ತಾಗಿ ಅಂದರೋ ಗೊತ್ತಿಲ್ಲದೆ ಅಂದರೋ ದೇವರೇ ಬಲ್ಲ. ನನ್ನ ಅತ್ತೆಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದು ನನಗೆ ತಿಳಿಯಲು ಒಂದು ಮಳೆಗಾಲವೇ ಬೇಕಾಗುತ್ತದೆ. ಹಿಂದೊಮ್ಮೆ ಹಾಗೇ ಆಯಿತು.

ಮೊದಲು ನಮ್ಮ ಮನೆಯ ವಿಷಯ ಹೇಳಿಬಿಡುತ್ತೇನೆ. ವಿದ್ಯಾನಗರದಲ್ಲಿ ನಮ್ಮದು ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇರುವ ಮನೆ. ಮೀನು ಎಂಬ ಶಬ್ದ ಈ ಮನೆಯಲ್ಲಿ ಕೇಳಿಬರುತ್ತಿದ್ದದ್ದು ಯುಗಾದಿಯ ದಿನ, ಪಂಚಾಂಗದಲ್ಲಿ ಮೀನ ರಾಶಿಯ ಫಲ ಓದುವಾಗ ಮಾತ್ರ. ಅದನ್ನೂ ಅತ್ತೆ "ಕೊನೇ ರಾಶಿ" ಅನ್ನುತ್ತಿದ್ದರು. ಇಂಥ ಮನೆಗೆ ಒಂದು ಸಂಜೆ ಯಜಮಾನರ ಫೋನು ಬಂತು. "ಗಿರಿಜಾ, ಮೀನು ತರ್ತಾ ಇದೀನಿ. ಅಮ್ಮಂಗೆ ಹೇಳಿರು."

"ಎಲ್ಲಿದೀರಿ? ಯಾರ ಜೊತೆ ಇದೀರಿ?" ಎಂದು ನಾನು ಕೇಳಿದ ದನಿಗೇ ಅತ್ತೆ ಎದ್ದು ಬಂದರು. ವಿಷಯ ಕೇಳಿ ಸೋಫಾದ ಮೇಲೆ ಕುಸಿದು, "ಪರಮೇಶಿ ಅಂಥೋನಲ್ಲ ಕಣೇ, ಯಾರೋ ಕುಡಿಸಿರ್ಬೇಕು" ಎಂದರು. ಅಷ್ಟರಲ್ಲಿ ಪರಮೇಶಿ ಆಟೋದಿಂದ ಗಾಜಿನ ಪೆಟ್ಟಿಗೆಯನ್ನು ಎತ್ತಿಸಿಕೊಂಡು, ಮದುವೆ ದಿಬ್ಬಣದ ಗಂಡಿನ ಹಾಗೆ ಒಳಗೆ ಬಂದರು. ವಾಸ್ತು ಪ್ರಕಾರ ಈಶಾನ್ಯದಲ್ಲಿ ಮೀನಿನ ತೊಟ್ಟಿ ಇಟ್ಟರೆ ಪ್ರಮೋಷನ್ ಆಗುತ್ತದಂತೆ. ಹೇಳಿದವರು ಅವರ ಕಚೇರಿಯ ಸಹೋದ್ಯೋಗಿ. ಆ ಸಹೋದ್ಯೋಗಿಯ ಮನೆಯಲ್ಲಿ ತೊಟ್ಟಿ ಇಟ್ಟು ವರ್ಷಗಳಾಗಿವೆ, ಪ್ರಮೋಷನ್ ಮಾತ್ರ ಇವತ್ತಿಗೂ ಆಗಿಲ್ಲ. ಅದನ್ನು ಕೇಳಿದರೆ, "ಅವ್ರು ಆಗ್ನೇಯದಲ್ಲಿ ಇಟ್ಟಿದಾರೆ" ಎಂದರು.

ನಮ್ಮ ಯಜಮಾನರು ನಾಲೆಯ ನೀರು ಅಳೆಯುವ ಎಂಜಿನಿಯರು. ಊರೂರಿನ ಗದ್ದೆಗಳಿಗೆ ನೀರು ಮುಟ್ಟಿಸಬಲ್ಲ ಮನುಷ್ಯ ಒಂದು ಗಾಜಿನ ಪೆಟ್ಟಿಗೆಯ ನೀರನ್ನು ನೆಟ್ಟಗೆ ಇಟ್ಟುಕೊಳ್ಳಲಾರದೆ ಹೋದದ್ದು ನಾನು ಕಣ್ಣಾರೆ ಕಂಡ ಸತ್ಯ. ಪ್ರತಿ ಭಾನುವಾರ ಮೀನುಗಳನ್ನು ಬಕೆಟ್ಟಿಗೆ ಹಾಕಿ, ಕಲ್ಲು, ಮರಳು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ಕುಕ್ಕರು ತಿಕ್ಕುವ ಹಾಗೆ ತಿಕ್ಕಿ ತೊಳೆದು, ನಲ್ಲಿಯ ಹೊಸ ನೀರು ತುಂಬಿಸುತ್ತಿದ್ದರು. ಮಂಗಳವಾರದ ಹೊತ್ತಿಗೆ ಒಂದೆರಡು ಗಪ್ಪಿ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸುಮ್ಮನಿರಲಾಗದೆ, ಆ ಸ್ಪಂಜಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ, ಮೀನಿನ ಹೊಲಸಿನ ವಿಷವನ್ನು ಅವೇ ಕರಗಿಸುವುದು, ತೊಳೆಯಬೇಡಿ ಅಂದೆ. "ಬ್ಯಾಕ್ಟೀರಿಯಾ ಇರೋ ನೀರಲ್ಲಿ ಯಾರಾದ್ರೂ ಮೀನು ಸಾಕ್ತಾರಾ? ನೀನು ಟೀಚರ್ ತಾನೆ?" ಎಂದು ನನ್ನನ್ನೇ ನಾಚಿಸಿದರು.

ಗಿಡಗಳ ಕಥೆ ಇನ್ನೊಂದು. ಅಂಗಡಿಯವನು ಕೊಡುವ ನೀರುಗಿಡಕ್ಕೆ ದುಡ್ಡು ಸುರಿಯುವುದು ಎಂಜಿನಿಯರ ಬುದ್ಧಿಗೆ ಒಗ್ಗಲಿಲ್ಲ. ಹೊಳೆಹೊನ್ನೂರಿನ ಕಡೆ ನಾಲೆ ನೋಡಲು ಹೋದವರು ಅಲ್ಲಿಂದ ಒಂದು ಹೊರೆ ಹಸಿರು ಕಿತ್ತು, ಜೀಪಿನಲ್ಲಿ ಹಾಕಿಕೊಂಡು ಬಂದರು. ನೋಡಲು ಲಕ್ಷಣವಾಗಿತ್ತು. ತೊಟ್ಟಿಯೊಳಗೆ ಗಾಳಿಗುಳ್ಳೆಗಳ ನಡುವೆ ಅದು ತೊನೆಯುವುದನ್ನು ನೋಡಿ ನಾನೂ ಮನಸ್ಸಿನಲ್ಲೇ ಮೆಚ್ಚಿದೆ. ಅದರ ಜೊತೆಗೆ ಬಂದ ಬಸವನಹುಳುಗಳು ಒಂದೇ ತಿಂಗಳಲ್ಲಿ ಗಾಜಿನ ತುಂಬ ಸಂಸಾರ ಹೂಡಿದವು. ಜೊತೆಗೆ ಬಂದಿದ್ದ ಇನ್ಯಾವುದೋ ಹುಳ ಗಪ್ಪಿಗಳ ಮರಿಗಳನ್ನೆಲ್ಲ ತಿಂದು, ಒಂದು ದಿನ ಗಿಡದ ತುದಿಗೆ ಹತ್ತಿ, ಚರ್ಮ ಕಳಚಿ, ಏರೋಪ್ಲೇನ್ ಚಿಟ್ಟೆಯಾಗಿ ನಮ್ಮ ಹಾಲಿನಲ್ಲಿ ಹಾರಾಡಿತು. "ನೇಚರ್!" ಎಂದು ಯಜಮಾನರು ಚಪ್ಪಾಳೆ ತಟ್ಟಿದರು.

ಸಾವುಗಳು ಹೆಚ್ಚಾದಾಗ ಯಜಮಾನರು ಅಂಗಡಿಗೆ ಹೋಗಿ ದಬಾಯಿಸಿದರು. ನಾನೂ ಜೊತೆಯಲ್ಲಿದ್ದೆ. ಅಂಗಡಿಯವನು ಒಂದಿಷ್ಟೂ ಅಲುಗಾಡದೆ, "ಬೇಜಾರ್ ಮಾಡ್ಕೋಬೇಡಿ ಸಾರ್. ಮನೆಗೆ ಬರೋ ಕಂಟಕಾನ ಮೀನು ತಗೊಂಡು ಹೋಗುತ್ತೆ. ಅದು ಸತ್ರೆ ನಿಮ್ಗೆ ಫಾಯ್ದೆ" ಎಂದ. ನಾನು ಅವನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಮಾರಿದ ಸಾಮಾನು ಕೆಟ್ಟರೆ ಅದು ಗಿರಾಕಿಯ ಪುಣ್ಯ ಎನ್ನುವ ವ್ಯಾಪಾರ ಲೋಕದಲ್ಲಿ ಬೇರೆ ಯಾವುದಿದೆ? ಮಿಕ್ಸಿ ಸುಟ್ಟುಹೋದರೆ ಹೀಗೆ ಯಾರಾದರೂ ಹೇಳುತ್ತಾರೆಯೇ?

ಯಜಮಾನರು ಮನೆಗೆ ಬಂದು ಈ ಮಾತನ್ನು ಅತ್ತೆಯ ಕಿವಿಗೆ ಹಾಕಿದರು. ಅಲ್ಲಿಯವರೆಗೆ ತೊಟ್ಟಿಯ ಕಡೆ ತಲೆಯನ್ನೂ ತಿರುಗಿಸದಿದ್ದ ಅತ್ತೆ ಅವತ್ತಿನಿಂದ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಒಂದು ಮೀನು ಸತ್ತರೆ, ಅದು ಯಾರ ಕಂಟಕ ಹೊತ್ತುಕೊಂಡು ಹೋಯಿತು ಎಂದು ಸಂಜೆಯೊಳಗೆ ಅವರು ತೀರ್ಮಾನಿಸುತ್ತಿದ್ದರು. ಯಜಮಾನರ ಸ್ಕೂಟರು ಜಾರಿಯೂ ಬೀಳಲಿಲ್ಲ, ಒಂದು ಮೀನು. ನನ್ನ ಜ್ವರ ಬೇಗ ಇಳಿಯಿತು, ಒಂದು ಮೀನು. ಆ ಲೆಕ್ಕದಲ್ಲಿ ನಮ್ಮ ಮನೆಗೆ ಬರಬೇಕಿದ್ದ ಕಂಟಕಗಳು ಹಸ್ತಿನಾವತಿಗೂ ಬಂದಿರಲಿಕ್ಕಿಲ್ಲ.

ನಮ್ಮಲ್ಲಿ ಸುಡುವುದಿಲ್ಲ, ಹೂಳುವುದು. ಹಾಗಾಗಿ ಸತ್ತ ಮೀನಿಗೂ ಅದೇ ಮರ್ಯಾದೆ. ನಾನು ಪೇಪರಿನಲ್ಲಿ ಸುತ್ತಿ ತರಬೇಕು, ಅತ್ತೆ ಪೊಟ್ಟಣದ ಮೇಲೆ ಬೆರಳಿನಿಂದ ವಿಭೂತಿ ಎಳೆಯಬೇಕು, ಕಾಂಪೌಂಡಿನ ದಾಸವಾಳದ ಬುಡದಲ್ಲಿ ನಾನು ಗುಂಡಿ ತೆಗೆದು ಮುಚ್ಚಬೇಕು. ಪೊಟ್ಟಣ ಬಿಚ್ಚಿ ನೋಡುವ ಧೈರ್ಯ ಅವರಿಗಿರಲಿಲ್ಲ. "ಮುಖ ನೋಡಲ್ಲ ನಾನು, ಕನಸಿಗೆ ಬರುತ್ತೆ" ಅನ್ನುತ್ತಿದ್ದರು. ಆ ದಾಸವಾಳ ಹೂ ಬಿಟ್ಟ ಪರಿಯನ್ನು ನೋಡಿ ಬೀದಿಯವರೆಲ್ಲ ಯಾವ ಗೊಬ್ಬರ ಹಾಕುತ್ತೀರಿ ಎಂದು ಕೇಳುತ್ತಿದ್ದರು. "ಏನಿಲ್ರೀ, ಕಂಟಕ" ಎಂದು ನಾನು ಹೇಳುತ್ತಿರಲಿಲ್ಲ.

ಇಷ್ಟರ ನಡುವೆ ಗುಂಡ ಬಂದ. ಪ್ಯಾರೆಟ್ ಫಿಶ್ ಅಂತ ಅಂಗಡಿಯವನು ಕರೆಯುವ ಜಾತಿ. ಕಿತ್ತಳೆ ಬಣ್ಣ, ಗಿಳಿ ಮೂತಿ, ಮುಚ್ಚಲಾಗದ ಬಾಯಿ, ಉಂಡ ಮೇಲೆ ಉಸಿರು ಬಿಡಲು ಒದ್ದಾಡುವ ಹೊಟ್ಟೆ. ಥೇಟು ನಮ್ಮ ಯಜಮಾನರು. ಅತ್ತೆಗೆ ಅವನ ಮೇಲೆ ಪ್ರೀತಿ ಹುಟ್ಟಲು ಅದೇ ಕಾರಣವಿರಬೇಕು. ಗುಂಡ ಎಂದು ಹೆಸರಿಟ್ಟವರೂ ಅವರೇ. ಅವರು ಗಾಜಿನ ಮೇಲೆ ಬೆರಳಿಟ್ಟರೆ ಬೆರಳು ಹೋದ ಕಡೆಗೆಲ್ಲ ಹೋಗುತ್ತಿದ್ದ. ಬೀದಿಯ ಮಕ್ಕಳು ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ನೋಡಲು ಬಂದವರ ಹಾಗೆ ಬಂದು ಸಾಲಾಗಿ ನಿಂತು ನೋಡುತ್ತಿದ್ದರು.

ಗುಂಡನ ಊಟದ ವಿಷಯದಲ್ಲಿ ಒಂದು ರಾದ್ಧಾಂತವಾಯಿತು. ಯಜಮಾನರು ಅವನಿಗೆಂದು ಕೆಂಪು ಹುಳುಗಳನ್ನು ಗಡ್ಡೆ ಕಟ್ಟಿಸಿದ ಪೊಟ್ಟಣ ತಂದು, ಗುಟ್ಟಾಗಿ ಫ್ರೀಜರಿನಲ್ಲಿ ಇಟ್ಟಿದ್ದರು. ಐಸ್‌ಕ್ರೀಮು ಹುಡುಕುತ್ತಿದ್ದ ಅತ್ತೆಯ ಕೈಗೆ ಅದು ಸಿಕ್ಕಿತು. "ಏನೋ ಇದು ಪರಮೇಶಿ?" ಎಂದರೆ ಈ ಮಹಾನುಭಾವರು, "ಒಂಥರಾ ಚೆರ್ರಿ ಕಣಮ್ಮ" ಎಂದರು. ಚೆರ್ರಿ ಬೆಚ್ಚಗಾಗಿ ನಿಧಾನಕ್ಕೆ ಬಿಡಿಬಿಡಿಯಾಯಿತು. ಮರುದಿನ ಫ್ರಿಜ್ಜಿಗೆ ಅರಿಶಿನ ನೀರಿನ ಸ್ನಾನ, ಬಾಗಿಲಿಗೆ ವಿಭೂತಿ, ಗುಂಡನಿಗೆ ಸಸ್ಯಾಹಾರದ ದೀಕ್ಷೆ. ಬೇಯಿಸಿದ ಬಟಾಣಿಯನ್ನು ಸಿಪ್ಪೆ ಸುಲಿದು ಅತ್ತೆಯೇ ಹಾಕುತ್ತಿದ್ದರು. ಗುಂಡ ಭಕ್ತಿಯಿಂದ ಸ್ವೀಕರಿಸುತ್ತಿದ್ದ. ಆದರೆ ತೊಟ್ಟಿಯಲ್ಲಿದ್ದ ಸಣ್ಣ ಮೀನುಗಳು ಒಂದೊಂದೇ ಕಾಣೆಯಾದವು. ಮಡಿವಂತರ ಮನೆಯಲ್ಲಿ ಬೆಳೆದ ಎಷ್ಟೋ ಗಂಡುಮಕ್ಕಳಂತೆ, ಹೊರಗೆ ಏನು ತಿನ್ನುತ್ತೇನೆ ಎಂಬುದನ್ನು ಅವನು ಮನೆಯಲ್ಲಿ ಹೇಳುತ್ತಿರಲಿಲ್ಲ. ಕೊನೆಗೆ ಗಿಡಗಳನ್ನೂ ಬುಡಸಮೇತ ಅಗೆದು ಹಾಕಿ, ಇಡೀ ತೊಟ್ಟಿಗೆ ಅವನೊಬ್ಬನೇ ಜಮೀನ್ದಾರನಾದ.

ಆ ಬೇಸಿಗೆಯಲ್ಲಿ ಯಜಮಾನರಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ನೋಡಿ, ಬೈಪಾಸ್ ಮಾಡಬೇಕು, ತಡ ಮಾಡಬೇಡಿ ಎಂದರು. ಅವರನ್ನು ಅಲ್ಲೇ ಸೇರಿಸಿಕೊಂಡರು, ಮುಂದಿನ ವಾರಕ್ಕೆ ದಿನ ಗೊತ್ತಾಯಿತು. ಅತ್ತೆಗೆ ನಾನು ಚಿತ್ರ ಬರೆದು ತೋರಿಸಿದೆ. "ಊರಾಚೆ ಬೈಪಾಸ್ ರಸ್ತೆ ಮಾಡಿದಾರಲ್ಲ, ಎದೆ ಒಳಗೂ ಹಂಗೇನಾ?" ಎಂದರು. "ಹಂಗೇ ಅತ್ತೆ." "ಆ ರಸ್ತೆ ಮುಗಿಯಕ್ಕೆ ಎಷ್ಟು ವರ್ಷ ಆಯ್ತು ನೋಡಿದೀಯಲ್ಲ" ಎಂದು ಎದ್ದು ಹೋದರು.

ಅವತ್ತಿನಿಂದ ಅತ್ತೆ ಊಟ ಬಿಟ್ಟರು. ತಟ್ಟೆಯ ಮುಂದೆ ಕೂತು ಎದ್ದು ಹೋಗುತ್ತಿದ್ದರು. ಕೇಳಿದರೆ ಹಸಿವಿಲ್ಲ. ಬೆಳಗ್ಗೆ ಎದ್ದ ಕೂಡಲೇ ತೊಟ್ಟಿಯ ಮುಂದೆ ಬಂದು ನೋಡುವರು. ಗುಂಡ ಬಾಲ ಬೀಸುತ್ತ ಓಡಿಬರುವನು. ಅತ್ತೆಯ ಮುಖ ಸಣ್ಣದಾಗುವುದು. ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಅರ್ಥವಾಗಿತ್ತು. ಸ್ಕೂಟರು ಜಾರುವ ಕಂಟಕಕ್ಕೆ ಒಂದು ಮೀನು ಹೋಗಿತ್ತು. ಎದೆ ಸೀಳುವಂಥ ಕಂಟಕ ಬಂದು ನಿಂತಿದೆ, ಇರುವವನು ಒಬ್ಬನೇ, ಅವನು ಕಲ್ಲುಗುಂಡಿನ ಹಾಗಿದ್ದಾನೆ. ಸಾಯಿ ಅನ್ನಲು ಬಾಯಿ ಬರುವುದಿಲ್ಲ, ಬಟಾಣಿ ಹಾಕದೆ ಇರಲು ಕೈ ಬರುವುದಿಲ್ಲ. ಒಂದು ದಿನ ಗಾಜಿಗೆ ಬಾಯಿ ಹತ್ತಿರ ಇಟ್ಟು, "ನೀನೂ ಇರಪ್ಪ, ಅವನೂ ಇರ್ಲಿ. ಏನಾದ್ರೂ ಉಪಾಯ ಮಾಡು ಮಾರಾಯ" ಎಂದು ಪಿಸುಗುಡುತ್ತಿದ್ದರು.

ಇವರು ಹೀಗೆ ಉಪವಾಸ ಬಿದ್ದರೆ ಆಸ್ಪತ್ರೆಯಲ್ಲಿ ಎರಡು ಮಂಚ ಬೇಕಾಗುತ್ತದೆ ಎನಿಸಿ, ಉಪಾಯವನ್ನು ನಾನೇ ಮಾಡಿದೆ.

ನಮ್ಮ ಶಾಲೆಯ ಕ್ಲರ್ಕು ಸೆಲ್ವಿ ದಿನಾ ಭದ್ರಾವತಿಯಿಂದ ರೈಲಿನಲ್ಲಿ ಓಡಾಡುವವಳು. ಕಾರ್ಖಾನೆಯ ಕಾಲನಿಯಲ್ಲಿ ಹುಟ್ಟಿ ಬೆಳೆದವಳು, ಮನೆಮಾತು ತಮಿಳು. ಅವಳ ಗಂಡ ತಾರಸಿಯ ಮೇಲೆ ಮೀನು ಸಾಕುತ್ತಾನೆ. ಗುಂಡನನ್ನು ಸ್ವಲ್ಪ ದಿನ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿ, ಆಮೇಲೆ ತಡೆಯಲಾರದೆ, "ಅಲ್ಲ ಸೆಲ್ವಿ, ನಿಮ್ಮನೇಲಿ ಅವನ್ನ..." ಎಂದು ರಾಗ ಎಳೆದೆ.

"ಐಯೋ ಮೇಡಂ! ಸಾರು ಮಾಡ್ತೀವಿ ಅನ್ಕೊಂಡ್ರಾ? ಅಷ್ಟು ಕಲರ್ ಇರೋದನ್ನ ಯಾರು ಮೇಡಂ ತಿಂತಾರೆ?" ಎಂದು ಅವಳು ಬಿದ್ದು ಬಿದ್ದು ನಕ್ಕಳು.

ಮರುದಿನ ಬೆಳಗ್ಗೆ ಅತ್ತೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರು. ಪೂಜೆ ಮುಗಿಯುವವರೆಗೆ ಅವರು ಕಣ್ಣು ತೆರೆಯುವುದಿಲ್ಲ, ಭೂಕಂಪವಾದರೂ ಏಳುವುದಿಲ್ಲ. ನಾನು ಹಸಿರು ಜಾಲರಿಯಲ್ಲಿ ಗುಂಡನನ್ನು ಎತ್ತಿ, ಮುಚ್ಚಳವಿರುವ ಪೇಂಟಿನ ಡಬ್ಬಿಗೆ ಹಾಕಿ, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಇಟ್ಟು ಬಂದೆ. ಇನ್ನು ಹೂಳಲು ಏನಾದರೂ ಬೇಕಲ್ಲ. ಫ್ರಿಜ್ಜು ತೆಗೆದರೆ, ಯಾರೂ ಅಡುಗೆ ಮಾಡುವ ಮನಸ್ಸಿಲ್ಲದೆ ಉಳಿದು, ಹಣ್ಣಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿದ್ದ ಒಂದು ಹಾಗಲಕಾಯಿ. ಬಣ್ಣವೂ ಅದೇ, ಹೆಚ್ಚೂಕಡಿಮೆ ಅಳತೆಯೂ ಅದೇ. ಪೇಪರಿನಲ್ಲಿ ದಪ್ಪವಾಗಿ ಸುತ್ತಿದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ನನ್ನದು ಹೇಳುವುದು ವಿಜ್ಞಾನ, ಹೂಳುವುದು ಹಾಗಲಕಾಯಿ.

ಪೂಜೆ ಮುಗಿಸಿ ಬಂದ ಅತ್ತೆಗೆ, "ಅತ್ತೆ, ಗುಂಡ ಹೋಗ್ಬಿಟ್ಟ" ಎಂದೆ. ಅವರು ಮೊದಲು ಖಾಲಿ ತೊಟ್ಟಿ ನೋಡಿದರು, ಆಮೇಲೆ ನನ್ನನ್ನು. ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ವಿಭೂತಿ ಎಳೆದರು. ಕಣ್ಣಿನಿಂದ ನೀರು ಇಳಿಯಿತು. ವಿಚಿತ್ರವೆಂದರೆ ನನಗೂ ಅಳು ಬಂತು. ಒಂದು ವಾರದಿಂದ ಆಸ್ಪತ್ರೆ, ಬ್ಯಾಂಕು, ರಕ್ತದ ಬಾಟಲಿ ಎಂದು ಓಡಾಡುತ್ತ ಅಳಲು ಪುರಸೊತ್ತೇ ಸಿಕ್ಕಿರಲಿಲ್ಲ. ದಾಸವಾಳದ ಬುಡದಲ್ಲಿ ಒಂದು ಹಾಗಲಕಾಯಿಯ ಮುಂದೆ ಕೂತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅತ್ತೆ ನನ್ನ ಬೆನ್ನು ಸವರಿ, "ಏಳೇ, ಹಸಿವಾಗ್ತಿದೆ. ರೊಟ್ಟಿ ತಟ್ತೀನಿ, ಬಾ" ಎಂದರು. ಇಬ್ಬರೂ ಹೊಟ್ಟೆತುಂಬ ಉಂಡೆವು. ನನ್ನ ಜಾಣತನಕ್ಕೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಆಪರೇಷನ್ನಿನ ದಿನ ಥಿಯೇಟರಿನ ಬಾಗಿಲು ಮುಚ್ಚಿತು. ಅತ್ತೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತರು. ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿತು. ಕಂಟಕ ತೆಗೆದುಕೊಂಡು ಹೋಗಬೇಕಾದ ಮೀನು ಸತ್ತೇ ಇಲ್ಲವಲ್ಲ. ಅದು ಭದ್ರಾವತಿಯಲ್ಲಿ ಆರಾಮಾಗಿದೆ. ಸುಳ್ಳು ಸಾವಿನಿಂದ ಕಂಟಕ ಹೋಗುತ್ತದೆಯೇ? ಅಥವಾ ನಾನು ಮೋಸ ಮಾಡಿದೆ ಅಂತ ಅದು ಇನ್ನಷ್ಟು ಸಿಟ್ಟು ಮಾಡಿಕೊಂಡರೆ? ವೈಜ್ಞಾನಿಕ ಮನೋಭಾವದ ಬಗ್ಗೆ ಪ್ರತಿ ವರ್ಷ ಭಾಷಣ ಮಾಡುವ ನಾನು ಕಾರಿಡಾರಿನ ಮೂಲೆಗೆ ಹೋಗಿ ಸೆಲ್ವಿಗೆ ಫೋನು ಹಚ್ಚಿದೆ.

"ಗುಂಡ ಹೇಗಿದಾನೆ ಸೆಲ್ವಿ?"

"ಸೂಪರ್ ಮೇಡಂ! ನಮ್ಮವ್ರು ಎರೆಹುಳ ಹಾಕಿದ್ರು, ಎಗರಿ ಎಗರಿ ತಿಂದ. ನೀವು ಅವನ ಬಗ್ಗೆ ಚಿಂತೆ ಮಾಡ್ಬೇಡಿ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಮೀನು ಚೆನ್ನಾಗಿದೆ ಎಂಬ ಸುದ್ದಿ ಕೇಳಿ ಗಾಬರಿಬಿದ್ದ ವಿಜ್ಞಾನ ಶಿಕ್ಷಕಿ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ನನಗೆ ಭಯವಾಗಿತ್ತು. ತಮಾಷೆಯ ಅಂಗಿ ತೊಡಿಸಿ ಹೇಳುತ್ತಿದ್ದೇನೆ, ಆದರೆ ಅಂಥ ಭಯ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಬೆಂಚಿಗೆ ವಾಪಸ್ಸು ಬಂದು ಅತ್ತೆಯ ಪಕ್ಕ ಕೂತೆ. ಅವರು ಕಣ್ಣು ತೆರೆಯದೆಯೇ ನನ್ನ ಕೈ ಹಿಡಿದುಕೊಂಡರು.

ಆಪರೇಷನ್ ಚೆನ್ನಾಗಿ ಆಯಿತು. ಯಜಮಾನರು ಮನೆಗೆ ಬಂದರು. ಖಾಲಿ ತೊಟ್ಟಿ ನೋಡಿ, ವಿಷಯ ಕೇಳಿ, "ನನಗೋಸ್ಕರ ಹೋದ" ಎಂದು ಬಂದವರಿಗೆಲ್ಲ ಹೇಳತೊಡಗಿದರು. ನೋಡಲು ಬಂದವರು ತಂದ ಮೂಸಂಬಿಗಳನ್ನು ಸುಲಿಯುತ್ತ ನಾನು ತಲೆ ತಗ್ಗಿಸಿಕೊಂಡಿರುತ್ತಿದ್ದೆ. ಗುಂಡನನ್ನು ವಾಪಸ್ಸು ತರುವ ದಾರಿ ಹೀಗೆ ಶಾಶ್ವತವಾಗಿ ಮುಚ್ಚಿತು. ಹುತಾತ್ಮನಾದವನನ್ನು ಪೇಂಟಿನ ಡಬ್ಬಿಯಲ್ಲಿ ಕರೆತರಲು ಬರುವುದಿಲ್ಲ.

ಮಳೆ ಹಿಡಿಯಿತು. ದಾಸವಾಳದ ಬುಡದಲ್ಲಿ ಎಂಥದೋ ಬಳ್ಳಿಯ ಮೊಳಕೆಗಳೆದ್ದವು. ಕಳೆ ಇರಬೇಕೆಂದು ನಾನು ಕೀಳಲು ಬಗ್ಗಿದಾಗ, "ಬಿಡು, ಇರ್ಲಿ" ಎಂದ ಅತ್ತೆ ತಾವೇ ಒಂದು ದಾರ ಕಟ್ಟಿ ಕಾಂಪೌಂಡಿಗೆ ಹಬ್ಬಿಸಿದರು. ಎಲೆಗಳು ಬೆರಳು ಬಿಡಿಸಿದವು. ಸಣ್ಣ ಹಳದಿ ಹೂವು ಬಂತು. ಒಂದು ಬೆಳಗ್ಗೆ ಹಲ್ಲುಜ್ಜುತ್ತ ನೋಡುತ್ತೇನೆ, ಗುಂಡನ ಸಮಾಧಿಯ ಮೇಲೆ ಬೆರಳುದ್ದದ ಮುಳ್ಳುಮುಳ್ಳು ಕಾಯಿ ತೂಗುತ್ತಿದೆ. ಹಣ್ಣಾದ ಕಾಯಿಯಲ್ಲಿ ಬೀಜ ಬಲಿತಿರುತ್ತದೆ, ತೇವ ಸಿಕ್ಕರೆ ಮೊಳೆಯುತ್ತದೆ. ಇದನ್ನು ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತೇನೆ.

ಅತ್ತೆ ಕಾಯಿಗಳು ಬಲಿಯುವವರೆಗೆ ಕಾದರು. ಒಂದು ಭಾನುವಾರ ಹಸಿರು ಜಾಲರಿಯನ್ನು ಉದ್ದ ಕೋಲಿಗೆ ಕಟ್ಟಿ, ಗೋಡೆಯ ಮೇಲಿನ ಕಾಯಿಗಳನ್ನು ಅದರಲ್ಲಿ ಹಿಡಿದು ಹಿಡಿದು ಇಳಿಸಿದರು. ಯಜಮಾನರು ಅವತ್ತು ತಂಗಿಯ ಮನೆಗೆ ಹೋಗಿದ್ದರು. ಮಧ್ಯಾಹ್ನ ನಮ್ಮಿಬ್ಬರದೇ ಊಟ. ನನ್ನ ರೊಟ್ಟಿಯ ಪಕ್ಕ ಬೆಲ್ಲ ಹಾಕಿ ಹುರಿದ ಹಾಗಲಕಾಯಿ ಬಡಿಸಿ, "ತಿನ್ನು. ಮೀನಿನ ಪಲ್ಯ" ಎಂದರು.

ರೊಟ್ಟಿ ಕೈಯಲ್ಲೇ ಉಳಿಯಿತು.

"ಎಲ್ಲಿದಾನೆ ಅವನು?"

"ಭದ್ರಾವತೀಲಿ" ಎಂದೆ.

"ಶಿವೈಕ್ಯರಾದೋರು ಕೈಲಾಸಕ್ಕೆ ಹೋಗ್ತಾರೆ ಅಂತ ಕೇಳಿದ್ದೆ. ಭದ್ರಾವತಿಗೆ ಹೋಗ್ತಾರೆ ಅಂತ ಗೊತ್ತಿರ್ಲಿಲ್ಲ."

"ಬಳ್ಳಿ ನೋಡಿ ಗೊತ್ತಾಯ್ತಾ ಅತ್ತೆ?"

"ಬಳ್ಳಿ ಯಾಕೆ ಬೇಕು? ಅವತ್ತೇ ಗೊತ್ತಾಯ್ತು. ಈ ವಯಸ್ಸಿಗೆ ಕೈಗೆ ಹಾಗಲಕಾಯಿ ಯಾವ್ದು, ಮೀನು ಯಾವ್ದು ಅಂತ ಗೊತ್ತಾಗಲ್ವಾ?"

"ಮತ್ತೆ ಅವತ್ತು... ರೊಟ್ಟಿ ತಟ್ಟಿ ಹೊಟ್ಟೆತುಂಬ ಉಂಡ್ರಲ್ಲ?"

ಅತ್ತೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ನಾನು ಉಣ್ಣಲ್ಲ ಅಂತ ನೀನೂ ಉಣ್ತಿರ್ಲಿಲ್ಲ. ವಾರದಿಂದ ನೋಡ್ತಾನೇ ಇದ್ದೆ. ನಾನು ಉಂಡ್ರೆ ನೀನು ಉಣ್ತೀಯ ಅಂತ ಉಂಡೆ ಮಾರಾಯ್ತಿ. ಇಲ್ದಿದ್ರೆ ಆ ಗಂಟಲಲ್ಲಿ ಏನಿಳೀತಿತ್ತು?"

ಹಾಗಾದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಗುಂಡ ಸತ್ತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಒಬ್ಬರಿಗೊಬ್ಬರು ಹೇಳದೆ, ಅದೇ ಭಯದಲ್ಲಿ ಇಬ್ಬರೂ ಕೈ ಹಿಡಿದುಕೊಂಡು ಕಾದಿದ್ದೆವು. ನನ್ನ ಕಣ್ಣು ತುಂಬಿತು. ಕಹಿಯಿಂದ ಎಂದು ಅತ್ತೆ ತಿಳಿದುಕೊಳ್ಳಲಿ ಅಂತ ಪಲ್ಯ ಬಾಯಿಗೆ ಹಾಕಿಕೊಂಡೆ. ಅವರು ಅದನ್ನೂ ನೋಡಿ, ಗೊತ್ತಿಲ್ಲದವರ ಹಾಗೆ ಬೆಲ್ಲದ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

"ಮುಂದಿನ ವಾರ ಭದ್ರಾವತಿಗೆ ಹೋಗ್ಬರೋಣ" ಎಂದರು. "ಬಟಾಣಿ ಬೇಯಿಸ್ಕೋತೀನಿ. ಪರಮೇಶಿಗೆ ಹೇಳ್ಬೇಡ. ತನಗೋಸ್ಕರ ಒಂದು ಜೀವ ಹೋಗಿದೆ ಅಂತ ಪಥ್ಯ ಮಾಡ್ಕೊಂಡಿದಾನೆ, ಮಾಡ್ಕೊಂಡಿರ್ಲಿ."